ಹಸಿರು ಪಟ್ಟಿಯಲ್ಲಿ ಮಳೆ

ಮಳವಳ್ಳಿ
ಗುರುವಾರ, 8 ಆಗಸ್ಟ್ 2024

ಪ್ರೀತಿಯ ದೇವು,

ಹೇಗಿದ್ದೀಯಪ್ಪ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಎಡಗಡೆ ದವಡೆಹಲ್ಲು ನೋವು ಅಂತಿದ್ದೆಯಲ್ಲ, ಕೀಳಿಸಿದೆಯೋ ಇಲ್ಲ ಇನ್ನೂ ಲವಂಗ ಕಚ್ಚಿಕೊಂಡೇ ಕಾಲ ತಳ್ಳುತ್ತಿದ್ದೀಯೋ. ಎರಡು ವರ್ಷದ ಹಿಂದಿನ ಹಲ್ಲುನೋವನ್ನು ಈಗ ವಿಚಾರಿಸುತ್ತಾಳೆ ಎಂದು ನಗಬೇಡ, ನಿನ್ನ ಆರೋಗ್ಯದ ಬಗ್ಗೆ ನನಗೆ ಗೊತ್ತಿರುವ ಕೊನೆಯ ಸುದ್ದಿ ಅದೇ. ಕಾಗದ ಬರೆದರೆ ಆರೋಗ್ಯ ಕೇಳಿದ ಮೇಲೆ ಮಳೆ ಬೆಳೆ ಕೇಳಬೇಕು ಅಂತ ಅಪ್ಪ ಕಲಿಸಿದ್ದರು. ಅದನ್ನು ನಾನು ಕೇಳುವುದಿಲ್ಲ. ನಿನ್ನ ಕಡೆ ಮಳೆ ಹುಯ್ಯುತ್ತಿದೆ, ನನಗೆ ಗೊತ್ತು. ಹೇಗೆ ಗೊತ್ತು ಅಂತ ಹೇಳುವುದಕ್ಕೇ ಕೂತಿದ್ದೇನೆ.

ಮೊದಲು ಮನೆ ಸುದ್ದಿ ಹೇಳಿಬಿಡುತ್ತೇನೆ. ಬೆಳಕವಾಡಿಯಲ್ಲಿ ಎಲ್ಲ ಇದ್ದ ಹಾಗೇ ಇದೆ. ಅಮ್ಮನಿಗೆ ಮಂಡಿ ನೋವು, ಆದರೂ ಎರಡು ಎಮ್ಮೆ ಬಿಡಲೊಲ್ಲಳು. ರೇಷನ್ ಕಾರ್ಡಿನಿಂದ ನಿನ್ನ ಹೆಸರು ತೆಗೆಸಬೇಕೆಂದು ಸೊಸೈಟಿಯವರು ಹೇಳಿದಾಗ ಅಲ್ಲೇ ಅವರ ಜನ್ಮ ಜಾಲಾಡಿ ಬಂದಿದ್ದಾಳೆ. ಅಪ್ಪ ಬ್ಲಫ್ ಪವರ್ ಹೌಸಿನಿಂದ ರಿಟೈರಾಗಿ ಐದು ವರ್ಷವಾದರೂ ಬೆಳಿಗ್ಗೆ ಎದ್ದ ತಕ್ಷಣ ಪೇಪರಿನಲ್ಲಿ ಅಣೆಕಟ್ಟೆಯ ನೀರಿನ ಮಟ್ಟ ನೋಡುವುದನ್ನು ಬಿಟ್ಟಿಲ್ಲ. ಈಚೆಗೆ ಅವರಿಗಿಂತ ಮುಂಚೆ ನಾನೇ ಪೇಪರ್ ಕಿತ್ತುಕೊಳ್ಳುತ್ತೇನೆ, ಯಾವ ಊರಲ್ಲಿ ಎಷ್ಟು ಮಳೆ ಅಂತ ಹಾಕಿರುತ್ತಾರಲ್ಲ, ಆ ಪುಟ ನನಗೆ ಬೇಕು. ಅಪ್ಪ ಏನೂ ಕೇಳುವುದಿಲ್ಲ, ನಾನೂ ಹೇಳಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಜೂನ್ ತಿಂಗಳ ಒಂದು ಸೋಮವಾರ ಮೊದಲನೇ ಬಸ್ಸಿಗೆ ಬಂದು ಬಸ್ ಸ್ಟ್ಯಾಂಡಿನ ನಮ್ಮ ಕಂಪ್ಯೂಟರ್ ಅಂಗಡಿಯ ಷಟರ್ ಎತ್ತಿದೆ. ಕಂಪ್ಯೂಟರ್ ಆನ್ ಮಾಡಿ ಬ್ರೌಸರ್ ತೆರೆದರೆ ಮೇಲುಗಡೆ ಆ ಹಸಿರು ಪಟ್ಟಿ ಕೂತಿದೆ. ನೀನು ಮರೆತಿರಲಾರೆ. ಎಡತುದಿಯಲ್ಲಿ ಗಿಳಿ, ನಡುವೆ ಹುಡುಕುವ ಡಬ್ಬಿ, ಬಲತುದಿಯಲ್ಲಿ ಹವೆ ತೋರಿಸುವ ಮೋಡ. ಏನು ಹುಡುಕಿದರೂ ಅದರದೇ ಸರ್ಚ್ ಎಂಜಿನ್ನಿಗೆ ಎಳೆದುಕೊಂಡು ಹೋಗಿ, ಬೇಕಾದ್ದನ್ನು ಬಿಟ್ಟು ಬೇರೆಲ್ಲ ತೋರಿಸುವ ಪಟ್ಟಿ. ನೀನು ಹೋದ ಮಾರನೆಯ ಬೆಳಿಗ್ಗೆ, ಇನ್ನೂ ನಿನ್ನ ಬೈಕಿನ ಸುದ್ದಿ ಬರುವುದಕ್ಕೆ ಮೊದಲು, ಅದನ್ನು ಸಿಟ್ಟಿನಲ್ಲಿ ನಾನೇ ತೆಗೆದು ಹಾಕಿದ್ದೆ. ಎರಡು ನಿಮಿಷದ ಕೆಲಸ ಅದು. ಆಮೇಲೆ ಹತ್ತಿರ ಎರಡು ವರ್ಷ ಅದರ ಸುಳಿವಿರಲಿಲ್ಲ. ಅವತ್ತು ಅದನ್ನು ಮತ್ತೆ ನೋಡಿದ ಕೂಡಲೇ ತೆಗೆದೆ. ಮಂಗಳವಾರ ಬೆಳಿಗ್ಗೆ ಮತ್ತೆ ಇತ್ತು. ಬುಧವಾರವೂ ಇತ್ತು. ಷಟರಿನ ಬೀಗ ಹಾಕಿದ ಹಾಗೇ ಇದೆ, ಕೀಲಿ ನನ್ನ ಸೆರಗಿನಲ್ಲಿದೆ, ಒಳಗೆ ಯಾರೋ ಬಂದು ಕೂತು ಎದ್ದು ಹೋದ ಹಾಗೆ ದಿನಾ ಬೆಳಿಗ್ಗೆ ಆ ಗಿಳಿ.

ಅದೇ ಪಟ್ಟಿಯ ದೆಸೆಯಿಂದ ತಾನೇ ನಾನು ನಿನ್ನ ಮೇಲೆ ಹರಿಹಾಯ್ದದ್ದು. ಮರಿಸಿದ್ದಯ್ಯನ ಮಗಳ ನರ್ಸಿಂಗ್ ಅರ್ಜಿಯನ್ನು ನೀನು ತುಂಬಿದೆ. ಪಟ್ಟಿಯ ಸರ್ಚ್ ಎಂಜಿನ್ ಮೊದಲಿಗೆ ತೋರಿಸಿದ್ದು ನೋಡಲು ಸರ್ಕಾರದ್ದೇ ಅನ್ನಿಸುವ ಸುಳ್ಳು ಪುಟ. ಅರ್ಜಿ ಅಲ್ಲಿಗೆ ಹೋಯಿತು, ಕೊನೆಯ ದಿನ ದಾಟಿತು, ಆ ಹುಡುಗಿಗೆ ಒಂದು ವರ್ಷ ಮಣ್ಣಾಯಿತು. ಮರಿಸಿದ್ದಯ್ಯ ಬಾಗಿಲಲ್ಲಿ ನಿಂತು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. ಅದನ್ನು ನೋಡಲಾರದೆ ನಾನು ನಿನ್ನ ಕಡೆ ತಿರುಗಿದೆ. ಎಂಟು ಜನ ಗಿರಾಕಿಗಳ ಮುಂದೆ, "ಕಂಡಕಂಡುದ್ನೆಲ್ಲ ತಂದು ತುಂಬ್ಕೊಂಡು ಕುಂತಿದ್ದೀಯ. ನೀನಿಲ್ದಿದ್ರೆ ಈ ಅಂಗ್ಡಿ ಉದ್ಧಾರ ಆಯ್ತದೆ ಕಣ್ಲಾ, ಎಲ್ಲಾರ ಓಗು" ಅಂದೆ. ನೀನು, "ಅದ್ನ ನಾನ್ ಆಕಿದ್ದಲ್ಲ ಕಣಕ್ಕ" ಅಂತ ಒಂದೇ ಮಾತು ಹೇಳಿ, ಲ್ಯಾಪ್‌ಟಾಪಿನ ಬ್ಯಾಗು ಹೆಗಲಿಗೆ ಹಾಕಿಕೊಂಡು ಇಳಿದು ಹೋದೆ. ಮಾರನೆಯ ದಿನ ಬ್ಲಫ್ ಹತ್ತಿರ ನದಿ ದಂಡೆಯಲ್ಲಿ ನಿನ್ನ ಬೈಕು ಸಿಕ್ಕಿತು, ಸೀಟಿನ ಮೇಲೆ ಹೆಲ್ಮೆಟ್ಟು ಇತ್ತು. ಬ್ಯಾಗು ಇರಲಿಲ್ಲ. ಅಣೆಕಟ್ಟೆಯಿಂದ ನೀರು ಬಿಟ್ಟಿದ್ದ ಕಾಲ. ತೆಪ್ಪದವರು ನಾಲ್ಕು ದಿನ ಹುಡುಕಿ ಕೈಚೆಲ್ಲಿದರು. ಬ್ಯಾಗನ್ನು ದಾರಿಹೋಕರು ಯಾರೋ ಹೊತ್ತಿರಬೇಕು ಅಂತ ಪೊಲೀಸರು ಬರೆದುಕೊಂಡರು.

ಪಟ್ಟಿ ಮತ್ತೆ ಮತ್ತೆ ಬರತೊಡಗಿದಾಗ ಝುಬೇರ್‌ನನ್ನು ಕರೆಸಿದೆ. ಅದೇ, ನಿನ್ನ ಜೊತೆ ಹೈಸ್ಕೂಲಿನಲ್ಲಿ ಓದಿದ, ಈಗ ಕಂಪ್ಯೂಟರ್ ರಿಪೇರಿ ಮಾಡುವ ಝುಬೇರ್. ಬ್ರೌಸರಿನಿಂದ ತೆಗೆದರೆ ಸಾಲದು, ಇದರ ಬೇರು ಮಿಷಿನ್ನಿನಲ್ಲೇ ಇರುತ್ತದೆ ಅಂತ ಅವನು ಕಂಪ್ಯೂಟರಿನಲ್ಲಿರುವ ಪ್ರೋಗ್ರಾಂಗಳ ಹೆಸರುಗಳನ್ನೆಲ್ಲ ತೆರೆದ. ಅಲ್ಲಿ ಗಿಳಿಯ ಚಿತ್ರ, ಪಕ್ಕದಲ್ಲಿ ಅದನ್ನು ಹಾಕಿದ ತಾರೀಖು: 6 ಮಾರ್ಚ್ 2022. ಝುಬೇರ್ ಅದನ್ನು ಕಿತ್ತು, ಸರ್ಚ್ ಎಂಜಿನ್ನುಗಳಲ್ಲಿ ಅದರ ಹೆಸರನ್ನೂ ಅಳಿಸಿ, ಬ್ರೌಸರನ್ನು ಹೊಸದರ ಹಾಗೆ ಮಾಡಿಟ್ಟು ಟೀ ಕುಡಿದು ಹೋದ. ನಾನು ಮಾತ್ರ ಆ ತಾರೀಖನ್ನು ಹಿಡಿದುಕೊಂಡು ಕೂತೆ. ಆ ಭಾನುವಾರ ನೀನು ಮೈಸೂರಿಗೆ ಪರೀಕ್ಷೆ ಬರೆಯಲು ಹೋಗಿದ್ದೆ, ಹಾಲ್ ಟಿಕೆಟ್ಟು ಇನ್ನೂ ಡ್ರಾಯರಿನಲ್ಲಿದೆ. ಅಂಗಡಿಯಲ್ಲಿ ಇದ್ದವಳು ನಾನೊಬ್ಬಳೇ. ಯಾರದೋ ಲಗ್ನಪತ್ರಿಕೆಗೆ ಪುಕ್ಕಟೆ ಫಾಂಟು ಇಳಿಸಿಕೊಳ್ಳುವ ಅವಸರದಲ್ಲಿ, ಏನು ಕೇಳುತ್ತಿದೆ ಅಂತ ಓದದೆ ನೆಕ್ಸ್ಟ್, ನೆಕ್ಸ್ಟ್ ಒತ್ತುತ್ತ ಹೋದೆ. ಫಾಂಟಿನ ಜೊತೆ ಅದೂ ಬಂತು. ಹಾಕಿದವಳು ನಾನು, ದೇವು. ಆ ದಿನ ನೀನು ನಿಜ ಹೇಳಿದ್ದೆ. ನನ್ನ ಮಾನ ಉಳಿಸಲು ಪೂರ್ತಿ ಹೇಳದೆ ಹೋದೆಯೋ, ಹೇಳಿದರೂ ಅಕ್ಕ ಕೇಳುವವಳಲ್ಲ ಅಂತ ಹೋದೆಯೋ ನನಗೆ ತಿಳಿಯದು. ತಪ್ಪಾಯಿತಪ್ಪ, ನನ್ನನ್ನು ಕ್ಷಮಿಸು.

ಅಷ್ಟೆಲ್ಲ ಮಾಡಿದ ಮೇಲೂ ಮಾರನೆಯ ಬೆಳಿಗ್ಗೆ ಪಟ್ಟಿ ಮತ್ತೆ ಬಂದಿತ್ತು. ಝುಬೇರ್ ತಲೆ ಕೆರೆದುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಮುಖ ನೋಡದೆ ಹೇಳಿದ: "ಅಕ್ಕ, ಇದು ಈ ಮಿಷಿನ್ನಿಂದ ಬತ್ತಾ ಇಲ್ಲ. ಬ್ರೌಸರ್‌ನಲ್ಲಿರಾದು ದೇವು ಖಾತೆ. ಅದು ಇನ್ನೆಲ್ಲೋ ಬ್ಯಾರೆ ಮಿಷಿನ್ನಲ್ಲೂ ತೆರ್ದದೆ. ಅಲ್ಲಿರಾದು ಇಲ್ಲಿಗ್ ಬತ್ತದೆ, ಇಲ್ಲಿರಾದು ಅಲ್ಲಿಗ್ ಓಯ್ತದೆ. ಅಲ್ಲಿ ಯಾವೂರು ಕೊಟ್ಟವ್ರೋ ಆ ಊರಿನ ಮೋಡಾನೇ ಇದು." ಖಾತೆ ಎಲ್ಲಿ ತೆರೆದಿದೆ ಅಂತ ನೋಡಲು ಹೋದರೆ ಪಾಸ್‌ವರ್ಡ್ ಕೇಳುತ್ತದೆ. ಅಮ್ಮನ ಹೆಸರು, ಎಮ್ಮೆಗಳ ಹೆಸರು, ನಿನ್ನ ಬೈಕಿನ ನಂಬರು, ಎಲ್ಲ ಹಾಕಿ ನೋಡಿದೆ. ಮೋಡದ ಮೇಲೆ ಒತ್ತಿದರೆ ಊರಿನ ಹೆಸರು ಬರುವುದಿಲ್ಲ, ಕೂದಲೆಣ್ಣೆ ಜಾಹೀರಾತು ಬರುತ್ತದೆ. ಆ ಕಡೆ ಕೂತಿರುವುದು ನೀನೋ, ನಿನ್ನ ಬ್ಯಾಗು ಎತ್ತಿಕೊಂಡವನೋ, ಅವನಿಂದ ಕೊಂಡ ಇನ್ಯಾರೋ, ಝುಬೇರ್ ಏನು ತಾನೇ ಹೇಳಿಯಾನು. ಎರಡು ಮಿಷಿನ್ನುಗಳನ್ನು ಜೋಡಿಸುವ ಸಿಂಕ್ ಎಂಬುದನ್ನು ಆಫ್ ಮಾಡಿದರೆ ಪಟ್ಟಿ ಇನ್ನು ಜನ್ಮದಲ್ಲಿ ಬರುವುದಿಲ್ಲ, ಒಂದು ಸಲ ಒತ್ತಿದರೆ ಆಯಿತು ಅಂದ. ನಾನು ಒತ್ತಲಿಲ್ಲ. ಅವತ್ತಿನಿಂದ ಪಟ್ಟಿಯನ್ನು ತೆಗೆಯುವುದನ್ನೂ ಬಿಟ್ಟಿದ್ದೇನೆ. ಗಿರಾಕಿಗಳ ಅರ್ಜಿ ಮತ್ತೆ ಸುಳ್ಳು ಪುಟಕ್ಕೆ ಹೋಗಬಾರದಲ್ಲ, ಅದಕ್ಕೆ ಎಲ್ಲ ಇಲಾಖೆಗಳ ವಿಳಾಸವನ್ನು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಏನನ್ನೂ ಹುಡುಕುವುದಿಲ್ಲ, ನೋಡಿಕೊಂಡು ಒಂದೊಂದೇ ಅಕ್ಷರ ಒತ್ತುತ್ತೇನೆ. ಇಲ್ಲಿ ಬಸ್ ಸ್ಟ್ಯಾಂಡಿನ ಸಿಮೆಂಟು ಕಾಯುವಷ್ಟು ಬಿಸಿಲಿದ್ದರೂ ಪಟ್ಟಿಯ ಮೂಲೆಯಲ್ಲಿ ಮೂರು ವಾರದಿಂದ ಮಳೆ, ಇಪ್ಪತ್ಮೂರು ಡಿಗ್ರಿ. ಕೊಡೆ ಇದೆಯೋ ಇಲ್ಲವೋ ಅಂತ ಯೋಚಿಸುತ್ತೇನೆ.

ಈಗ ಬರೆಯಲು ಕಷ್ಟವಾಗುವ ಸಂಗತಿ. ಈ ಭಾನುವಾರಕ್ಕೆ ನಿನ್ನ ಬೈಕು ಸಿಕ್ಕಿ ಎರಡು ವರ್ಷ. ಪುಣ್ಯಸ್ಮರಣೆ ಮಾಡಲೇಬೇಕೆಂದು ಅಪ್ಪ ಪಟ್ಟು ಹಿಡಿದಿದ್ದಾರೆ. ನಾವು ತಿಥಿ ಮಾಡುವವರಲ್ಲ, ಬುದ್ಧನ ಮುಂದೆ ಮೇಣದ ಬತ್ತಿ ಹಚ್ಚಿ ತ್ರಿಸರಣ ಹೇಳಿ ಬಂದವರಿಗೆ ಊಟ ಹಾಕುವುದು. "ನೀರ್ಗೋದೋರು ಬರಾಕಿಲ್ಲ ಕಣವ್ವ, ಮೂವತ್ತೊರ್ಸ ಆ ನೀರ್ ನೋಡಿವ್ನಿ. ಒಂದ್ಸಲ ಎಲ್ರೂ ಕುಂತು ಅತ್ತು ಮುಗ್ಸಿಬುಡಾನ" ಅಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡ, ಕಾದು ಕಾದು ಅವರು ಅರ್ಧಕ್ಕರ್ಧ ಇಳಿದಿದ್ದಾರೆ. ಅಮ್ಮ ಬಾಗಿಲಿಗೆ ಅಡ್ಡ ನಿಂತು, "ನನ್ ಮಗನ ಪಟಕ್ಕೆ ಊವ್ನಾರ ಆಕೋರು ಈ ಒಸ್ಲು ದಾಟಕೂಡ್ದು" ಅಂದಳು. ಆಮೇಲೆ ಮೂರು ದಿನ ಇಬ್ಬರಿಗೂ ಮಾತಿಲ್ಲ. ಊರ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿಸಬೇಕು, ಅದನ್ನು ನಾನೇ ಮಾಡಿಕೊಡಬೇಕು. ತಾಲೂಕಿನ ಅರ್ಧ ಜನರ ಶ್ರದ್ಧಾಂಜಲಿ ಮಾಡಿದ ಕೈ ಇದು, ಹತ್ತು ನಿಮಿಷಕ್ಕೆ ಮುಗಿಸುತ್ತಿದ್ದೆ. ನಿನ್ನದು ಎಂಟು ದಿನದಿಂದ ತೆರೆದೇ ಇದೆ. ಹಾಲ್ ಟಿಕೆಟ್ಟಿನ ಫೋಟೋ ಹಾಕಿದ್ದೇನೆ, ಬೇರೆ ಯಾವುದರಲ್ಲೂ ನೀನು ಕಣ್ಣು ಬಿಟ್ಟಿಲ್ಲ. ಜನನದ ತಾರೀಖು ಹಾಕಿದ್ದೇನೆ. ಅದರ ಕೆಳಗಿನ ಸಾಲಿನಲ್ಲಿ ಗೆರೆ ಮಿಟುಕುತ್ತಿದೆ, ನನ್ನ ಬೆರಳು ಓಡುವುದಿಲ್ಲ. ಮದ್ದೂರಿನ ಪ್ರಿಂಟಿಂಗ್‌ನವರು ನಾಳೆ ಸಂಜೆಯೊಳಗೆ ಫೈಲು ಕಳಿಸಬೇಕು ಅಂದಿದ್ದಾರೆ.

ಝುಬೇರ್ ನಿನ್ನನ್ನು ಕೇಳಿದ್ದಾನೆ. ಮರಿಸಿದ್ದಯ್ಯನ ಮಗಳು ಮುಂದಿನ ವರ್ಷ ಅರ್ಜಿ ಹಾಕಿ ಸೀಟು ಪಡೆದಳು, ಈಗ ಮಂಡ್ಯದಲ್ಲಿ ಓದುತ್ತಿದ್ದಾಳೆ. ನೀನು ಆ ಹುಡುಗಿಯ ವಿಷಯಕ್ಕೆ ಇನ್ನು ಕೊರಗುವುದು ಬೇಡ ಅಂತ ಬರೆದೆ. ಎಲ್ಲಿದ್ದರೂ ಚೆನ್ನಾಗಿರು, ಮಳೆಯಲ್ಲಿ ನೆನೆಯಬೇಡ.

ನಿನ್ನ ಅಕ್ಕ,
ಶೋಭಿತಾ

ಮ.ವಿ.: ಬಸ್ಸಿಗೆ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ಈ ಕಾಗದವನ್ನು ನಿನ್ನ ಖಾತೆಯಲ್ಲೇ ಉಳಿಸಿ, ಬುಕ್‌ಮಾರ್ಕುಗಳ ಸಾಲಿನಲ್ಲಿ ಎಲ್ಲದಕ್ಕಿಂತ ಮೊದಲು 'ಅಕ್ಕನ ಕಾಗದ' ಅಂತ ಇಟ್ಟಿದ್ದೇನೆ. ಪಟ್ಟಿ ಈ ಕಡೆ ಬಂದ ದಾರಿಯಲ್ಲೇ ಇದು ಆ ಕಡೆ ಬರುತ್ತದಂತೆ. ನೀನು ಉತ್ತರ ಬರೆಯುವುದು ಬೇಡ, ಊರಿನ ಹೆಸರು ಹೇಳುವುದು ಬೇಡ, ವಾಪಸು ಬಾ ಅಂತ ನಾನು ಕೇಳುವುದೂ ಇಲ್ಲ. ಆ ಹಸಿರು ಪಟ್ಟಿಯನ್ನು ನೀನು ಅಲ್ಲಿಂದ ತೆಗೆದುಬಿಡು, ಸಾಕು. ನಾಳೆ ಒಂಬತ್ತಕ್ಕೆ ಷಟರ್ ಎತ್ತುತ್ತೇನೆ. ಪಟ್ಟಿ ಇಲ್ಲದಿದ್ದರೆ ಫ್ಲೆಕ್ಸ್ ಅಳಿಸಿ ಮುಂದಿನ ಬಸ್ಸಿಗೇ ಊರಿಗೆ ಹೋಗುತ್ತೇನೆ. ಇದನ್ನು ಓದುತ್ತಿರುವವರು ದೇವರಾಜು ಅಲ್ಲದೆ ಬೇರೆ ಯಾರಾದರೂ ಆಗಿದ್ದರೆ, ಸ್ವಾಮಿ, ಲ್ಯಾಪ್‌ಟಾಪ್ ನೀವೇ ಇಟ್ಟುಕೊಳ್ಳಿ, ನಾವು ಯಾರೂ ಕೇಳುವುದಿಲ್ಲ. ಆ ಪಟ್ಟಿಯನ್ನು ಮಾತ್ರ ಮುಟ್ಟಬೇಡಿ. ನೀವು ತೆಗೆದರೆ, ನನ್ನ ತಮ್ಮ ಬದುಕಿದ್ದಾನೆ ಅಂತ ನಾನು ಅಮ್ಮನಿಗೆ ಹೇಳಿಬಿಡುತ್ತೇನೆ.