ಹಿಂದಕ್ಕಷ್ಟೇ ಓಡಿದ ಕಾರು

ಮಾಜಾಳಿ
15 ನವೆಂಬರ್ 2025, ಶನಿವಾರ

ಫೋನು ಎತ್ತದಿದ್ದರೂ ಕಾಗದ ಓದದೆ ಇರಲಾರದ ನನ್ನ ಆಯಿಗೆ,

ಮಗಳು ಪ್ರಗತಿಯ ನಮಸ್ಕಾರ. ನಾವಿಬ್ಬರೂ ಆರಾಮ. ಅಪ್ಪ ದಿನಾ ಸ್ನಾನ ಮಾಡುತ್ತಾನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆ. ಇದರಲ್ಲಿ ಒಂದು ಸುಳ್ಳು.

ನೀನು ಸಿಟ್ಟು ಮಾಡಿಕೊಂಡು ಅಂಕೋಲೆಗೆ, ತುಳಸಿದಾಸ ಮಾಮನ ಮನೆಗೆ ಹೋಗಿ ಇಪ್ಪತ್ತೆರಡು ದಿನವಾಯಿತು. ಅಪ್ಪ ಕಾರಿನ ಗೇರ್‌ಬಾಕ್ಸ್ ಬಿಚ್ಚಿ ನಿನ್ನ ಮೀನಿನ ಟ್ರೇಗಳಲ್ಲಿ ಹರವಿದ್ದು ತಪ್ಪೇ, ಒಪ್ಪಿದೆ. ಆದರೆ ನಾಳೆ ಮಾಮ ಕಾರು ಮಾರಲು ಗುಜರಿಯವನನ್ನು ಕರೆತರುತ್ತಾನಂತೆ, ನೀನೂ ಹೂಂ ಅಂದಿದ್ದೀಯಂತೆ. ಅದಕ್ಕೇ ಈ ಕಾಗದ. ಜೆಟ್ಟಿಯಲ್ಲಿ ಜಾರಿ ಎಡಗಾಲು ಮುರಿದ ಮೇಲೆ ಕ್ಲಚ್ ತುಳಿಯಲಾಗದೆ ನೀನು ಒಂದು ವರ್ಷ ಮನೆ ಹಿಡಿದು ಕೂತಿದ್ದೆ. ಕ್ಲಚ್ಚೇ ಇಲ್ಲದ ಈ ಹಳೆಯ ಆಟೋಮ್ಯಾಟಿಕ್ ಕಾರು ಗೋವಾದಿಂದ ಬಂದ ಮೇಲಲ್ಲವೇ ನೀನು ರಾಮನಗುಳಿಯವರೆಗೂ ಮೀನು ಮಾರಲು ಒಯ್ಯತೊಡಗಿದ್ದು? ಅದು ಹೋದರೆ ನೀನು ಮತ್ತೆ ಹಾಗೇ ಕೂರುತ್ತೀಯ. ನನಗೆ ಆ ವರ್ಷ ಇನ್ನೊಮ್ಮೆ ಬೇಡ ಆಯಿ.

ಕಾರಿಗೆ ದೊಡ್ಡ ರೋಗವೇನೂ ಇರಲಿಲ್ಲ. ಒಳಗಿನ ರಬ್ಬರ್ ಸೀಲುಗಳು ಒಣಗಿ ಗಟ್ಟಿಯಾಗಿ, ಎಣ್ಣೆಯ ಒತ್ತಡ ನಿಲ್ಲದೆ ಗೇರು ಜಾರುತ್ತಿತ್ತು. ಅಂಗಡಿಯವರು ಸೀಲು ಬಿಡಿಯಾಗಿ ಸಿಗುವುದಿಲ್ಲ, ಇಡೀ ಗೇರ್‌ಬಾಕ್ಸ್ ಬದಲಿಸಿ ಎಂದರು. ಮೂವತ್ತು ವರ್ಷ ಬೋಟಿನ ಎಂಜಿನ್ ರಿಪೇರಿ ಮಾಡಿದ ಅಪ್ಪನಿಗೆ ಅದು ಅವಮಾನವಾಯಿತು. ಹಳೆಯ ಸೀಲುಗಳನ್ನೆಲ್ಲ ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡು ಕಾರವಾರವನ್ನೆಲ್ಲ ಸುತ್ತಿದ. ಕೊನೆಗೆ ಬಂದರಿನ ಹತ್ತಿರ ಬೋಟಿನ ಸಾಮಾನು ಮಾರುವ ಮಂಗೇಶ, ಬೋಟಿನ ಗೇರಿಗೆ ಹಾಕುವ ರಬ್ಬರ್ ರಿಂಗುಗಳ ಡಬ್ಬಿಯನ್ನೇ ಮುಂದೆ ಸುರಿದನಂತೆ. ಒಂದೊಂದನ್ನೂ ಅಳೆದು ತಂದು, ಕಾರಿನ ಗೇರ್ ಎಣ್ಣೆಯಲ್ಲಿ ಎರಡು ದಿನ ನೆನೆಸಿಟ್ಟು, ಊದಿಕೊಂಡದ್ದನ್ನು ಬಿಸಾಡಿ, ಊದದೆ ಉಳಿದದ್ದನ್ನು ಇಟ್ಟುಕೊಂಡೆವು. ನೆನೆಸಿದ್ದು ನಿನ್ನ ಉಪ್ಪಿನಕಾಯಿ ಭರಣಿಯಲ್ಲಿ. ಹೊಸದು ತಂದಿದ್ದೇನೆ.

ಮುಂದಕ್ಕೆ ಓಡಿಸುವ ಗೇರಿನದು, ಒಂದೇ ಬದಿಗೆ ತೆಳು ಅಂಚಿರುವ ದೊಡ್ಡ ಸೀಲು ಒಂದು ಮಾತ್ರ ಎಲ್ಲೂ ಸಿಗಲಿಲ್ಲ. ನಾನು ಕೆಲಸದಿಂದ ಬರುವಾಗ ಮಡಗಾಂವಿನಲ್ಲಿ ದಿನಕ್ಕೊಂದು ಅಂಗಡಿ ಹತ್ತಿ, ಒಂಬತ್ತನೆಯ ದಿನ ಪಡೆದೆ. ಅವರ ಹತ್ತಿರ ಇದ್ದದ್ದೇ ಒಂದು. ಬಸ್ಸಿನಲ್ಲಿ ಅದನ್ನು ಕೈಬಳೆಯ ಹಾಗೆ ತೊಟ್ಟುಕೊಂಡು ಬಂದೆ.

ಇನ್ನು, ನೀನು ಅಲ್ಲಿ ಕೇಳಿದ ಸುದ್ದಿ ನಿಜ. ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದರೆ ಕಾರು ಹಿಂದಕ್ಕೆ ಹೋಯಿತು, ಮುಂದಕ್ಕೆ ಒಂದಿಂಚೂ ಹೋಗಲಿಲ್ಲ. ಅಪ್ಪ ಸೋಲೊಪ್ಪದೆ ಸಮುದ್ರದ ದಾರಿಯುದ್ದ ಹಿಂದಕ್ಕೇ ಓಡಿಸಿದ. ಬಲೆ ಒಣಗಿಸುತ್ತಿದ್ದವರೆಲ್ಲ ಎದ್ದು ನಿಂತು ದಾರಿ ಬಿಟ್ಟರು. ಮನೆಗೆ ಬಂದವನು ಕೈಯನ್ನೂ ತೊಳೆಯದೆ ಮತ್ತೆ ಕಾರಿನ ಅಡಿಗೆ ನುಗ್ಗಿದ. ನನಗೆ ನಗು, ಅಳು ಎರಡೂ ಬಂತು.

ಮತ್ತೆ ಬಿಚ್ಚಿದಾಗ ತಿಳಿಯಿತು, ಆ ದೊಡ್ಡ ಸೀಲೇ ತಿರುಗುಮುರುಗಾಗಿ ಕೂತಿತ್ತು. ಬೋಟಿನಲ್ಲಿ ನೀರು ತಳ್ಳುವ ಫ್ಯಾನಿನ ದಂಡಕ್ಕೆ ಸೀಲು ಹಾಕುವಾಗ ಅಂಚು ಹೊರಗೆ, ನೀರಿನ ಕಡೆ ಇರಬೇಕು. ಅಪ್ಪನ ಕೈ ಇಲ್ಲಿಯೂ ಹಾಗೇ ಹಾಕಿತ್ತು. ಇಲ್ಲಿ ತಡೆಯಬೇಕಾದ್ದು ಒಳಗಿನ ಎಣ್ಣೆಯನ್ನು, ಅಂಚು ಅದರ ಕಡೆಗೇ ತಿರುಗಿರಬೇಕು. ಅಪ್ಪ ಸೀಲಿನ ಅಂಚನ್ನು ಬೆರಳಿನಿಂದ ಸವರುತ್ತ ಹೇಳಿದ: "ಹುಟ್ಟಿದಾಗಿಂದ ನೀರು ಒಳಗೆ ಬರ್ದೇ ಇದ್ದಂಗೆ ನೋಡ್ಕಂಡೆ ಮಗಾ. ಒಳಗಿದ್ದದ್ದನ್ನ ಹಿಡ್ದಿಟ್ಕಂಬೂದು ನಂಗೆ ಗೊತ್ತೇ ಇಲ್ಲ."

ಇದ್ದದ್ದು ಒಂದೇ ಸೀಲು, ಹರಿದರೆ ಕತೆ ಮುಗಿಯಿತು. ಸ್ಕ್ರೂಡ್ರೈವರ್ ಮುಟ್ಟಲು ನಾನು ಬಿಡಲಿಲ್ಲ. ಬಲೆ ಹೆಣೆಯುವ ಬಿದಿರಿನ ಸೂಜಿಯಿಂದ ಮೆಲ್ಲಗೆ ಎಬ್ಬಿಸಿ, ತಿರುಗಿಸಿ ಕೂರಿಸಿದೆವು. ನಿನ್ನೆ ಬೆಳಿಗ್ಗೆ ಕಾರು ಮುಂದಕ್ಕೆ ಹೊರಟಿತು ಆಯಿ. ಗೇಟು ದಾಟಿ, ಸದ್ದಿಲ್ಲದೆ, ಬೆಣ್ಣೆಯ ಹಾಗೆ. ಅಪ್ಪ ಮುಖ ಒರೆಸಿಕೊಳ್ಳುವ ನೆಪದಲ್ಲಿ ಅತ್ತ, ಕೆನ್ನೆಯೆಲ್ಲ ಗ್ರೀಸ್.

ಗುಜರಿಗೆ ಕೊಟ್ಟು ಬೇರೆ ಕಾರು ನೋಡಬಹುದಿತ್ತಲ್ಲ ಎಂದು ನಾನು ಕೇಳಿದ್ದಕ್ಕೆ ಅಪ್ಪ ಅಂದದ್ದು ಇಷ್ಟೇ: "ಆ ಗಾಡೀಲಿ ಕೂತ್ಕಂಡ್ರೆ ಅವ್ಳು ಕಾಲು ನೋವು ಮರೀತಿದ್ಲು. ಅದ್ನ ಕೊಡೂಕೆ ನಂಗೆ ಮನ್ಸಾಗೂದಿಲ್ಲ." ಇದನ್ನು ನಿನಗೆ ಹೇಳಬಾರದು ಎಂದು ಆಣೆ ಹಾಕಿಸಿಕೊಂಡಿದ್ದಾನೆ. ಹೇಳಿಲ್ಲ, ಬರೆದಿದ್ದೇನೆ.

ಟ್ರೇಗಳನ್ನು ಸೋಪು ಹಾಕಿ ಮೂರು ಸಲ ತೊಳೆದಿದ್ದೇನೆ.

ನಿನ್ನ ದಾರಿ ಕಾಯುವ,
ಪ್ರಗತಿ

ತಾ.ಕ.: ಈ ಕಾಗದಕ್ಕೆ ಸ್ಟ್ಯಾಂಪು ಇಲ್ಲದ್ದನ್ನು ನೋಡಿದೆಯಲ್ಲ? ಇದನ್ನು ಗೇಟಿಗೆ ಬಂದ ಮಾಮಿಯ ಕೈಯಲ್ಲಿ ಒಳಗೆ ಕಳಿಸುತ್ತಿದ್ದೇನೆ. ಈ ನಾಲ್ಕು ಸಾಲು ಬರೆಯುತ್ತಿರುವುದು ಮಾಮನ ಮನೆಯ ಗೇಟಿನ ಎದುರು, ಕಾರಿನ ಹಿಂದಿನ ಸೀಟಿನಲ್ಲಿ. ಬರುವಾಗ ಬಿಣಗಾದ ಏರಿನಲ್ಲೂ ಗೇರು ಜಾರಲಿಲ್ಲ. ಅಪ್ಪ ಎಡಗಡೆಯ ಸೀಟಿಗೆ ಸರಿದು ಕೂತು, ಕರೆಯದೆ ಒಳಗೆ ಬರುವುದಿಲ್ಲ ಎನ್ನುತ್ತಿದ್ದಾನೆ. ಓಡಿಸುವ ಸೀಟು ಖಾಲಿ ಇದೆ. ಬರುವಾಗ ಗಾಡಿ ಓಡಿಸುವ ಕನ್ನಡಕ ಮರೆಯಬೇಡ.