ಮೋಲ್ಡಿಂಗ್ ಯಂತ್ರದ ಪರೀಕ್ಷೆ

೧೪ ನವೆಂಬರ್ ೨೦೨೫, ಶುಕ್ರವಾರ, ಇಳಕಲ್

ಆ ಗಾಲಿ ತಣ್ಣಗಿತ್ತು. ಅದೇ ತಲೆಯಿಂದ ಹೋಗುತ್ತಿಲ್ಲ.

ಮೈದುನ ಸೋಮಲಿಂಗನೊಂದಿಗೆ ಬಾಗಲಕೋಟೆಗೆ, ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ಎರೆಯುವ ಮೋಲ್ಡಿಂಗ್ ಯಂತ್ರ ನೋಡಲು ಹೋಗಿದ್ದೆ. ನೂಲಿಗೆ ಬಣ್ಣ ಹಾಕುವ ಕುದಿನೀರಿನಲ್ಲಿ ತಿರುಗುವ ಗಾಲಿಗಳನ್ನು ಮಾಡಬೇಕು. ಅದಕ್ಕೆ ಬೇಕಾದ ಪ್ಲಾಸ್ಟಿಕ್ ಕರಗಿ ಹರಿಯಲು ನಾಲ್ಕು ನೂರು ಡಿಗ್ರಿ ಶಾಖ ಬೇಕು. ಇದಕ್ಕಾಗಿ ಮಗ್ಗಗಳನ್ನೆಲ್ಲ ತೆಗೆಸಿ ಷೆಡ್ಡು ಖಾಲಿ ಮಾಡಿಸಿದ್ದೇನೆ.

"ಈಗಷ್ಟ ಈ ಮಷೀನಿನಾಗಿಂದ ತಗದೇವ್ರಿ ಅಕ್ಕಾರ, ನೋಡ್ರಿ," ಎಂದು ಮಾರುವವನು ಒಂದು ಗಾಲಿಯನ್ನು ಕೈಗಿಟ್ಟ. ಈಗಷ್ಟೇ ತೆಗೆದದ್ದು ಇಷ್ಟು ತಣ್ಣಗಿರುತ್ತದೆಯೇ?

"ನಾ ತಂದ ಪ್ಲಾಸ್ಟಿಕ್ ಕಾಳು ಹಾಕಿ ತಗೀರಿ," ಎಂದೆ. ಅವನು ಸೋಮಲಿಂಗನ ಮುಖ ನೋಡಿದ. ಆಮೇಲೆ ಹಾಕಿದ. ಯಂತ್ರದ ಪರದೆಯ ಮೇಲೆ ಶಾಖ ನಾಲ್ಕು ನೂರು ಎಂದೇ ಇತ್ತು. ಹೊರಬಂದದ್ದು ಅರ್ಧ ಗಾಲಿ, ಅದರ ನಡುವೆ ಕರಗದ ಕಾಳು. ಖರೀದಿ ಪತ್ರಕ್ಕೆ ಸಹಿ ಹಾಕದೆ ಎದ್ದು ಬಂದೆ.

ಕಾರಿನಲ್ಲಿ ಸೋಮಲಿಂಗ ಸಿಡುಕಿದ. "ಆ ಗಾಲಿ ಬ್ಯಾರೆ ಮಷೀನಿನಾಗ ಮಾಡಿದ್ದಂತ ನನಗ ಮೊದಲ ಗೊತ್ತಿತ್ರಿ ವೈನಿ. ಎಲ್ಲಾರ ಮುಂದ ಅವ್ರ ಮರ್ಯಾದಿ ಯಾಕ ಕಳದ್ರಿ?"

"ಗೊತ್ತಿದ್ರ ನನಗ ಯಾಕ ಹೇಳಲಿಲ್ಲ?"

"ಚಲೋ ಮಂದಿ ಅದಾರ್ರಿ. ಆಮ್ಯಾಲ ರಿಪೇರಿ ಮಾಡಿ ಕೊಡ್ತಿದ್ರು."



ಬೇರೆ ಯಂತ್ರ ಸಿಕ್ಕೀತು. ಆದರೆ ಗಾಲಿ ಎರೆಯುವ ಅಚ್ಚುಗಳನ್ನು ಆರಿಸಿ ತಂದವನೂ ಈ ಸೋಮಲಿಂಗನೇ. ನಾಳೆ ಒಂದೊಂದನ್ನೂ ತೆಗೆದು ಅಳೆಯಬೇಕು, ಇವನು ಏಳುವ ಮೊದಲೇ.