ಸೋಲುವುದಕ್ಕೆ ಒಪ್ಪಿಕೊಂಡು ಬರುವ ನಾಸ್ತಿಕ

ನಮ್ಮೂರ ಕ್ರೈಸ್ತ ಪ್ರೌಢಶಾಲೆಯ ಆಡಳಿತ ಮಂಡಳಿಯ ಮಾನ್ಯ ಅಧ್ಯಕ್ಷರೇ,

ದೇವರನ್ನು ನಂಬದ ಹೆಂಗಸೊಬ್ಬರನ್ನು ಶಾಲೆಯೊಳಗೆ ಕರೆತಂದ ತಪ್ಪಿಗೆ ನೀವು ಕೊರಿನ್ ಬೋಕೆಮಾ ಮೇಡಂರನ್ನು ಕೆಲಸದಿಂದ ತೆಗೆದಿದ್ದೀರಿ. ಅವರು ಕಲಿಸುತ್ತಿದ್ದ ವಿಷಯ 'ನಂಬಿಕೆ ಮತ್ತು ಇಂದಿನ ಸಂಸ್ಕೃತಿ'. ಅಮೆರಿಕದ ಸಂಸ್ಕೃತಿಯನ್ನು ಎದುರಿಸಲು ಮಕ್ಕಳನ್ನು ಸಜ್ಜುಗೊಳಿಸುತ್ತೇವೆಂದು ಶಾಲೆಯ ಬಾಗಿಲ ಮೇಲೆ ಬರೆಸಿದವರು ನೀವೇ. ಆ ಸಂಸ್ಕೃತಿ ಒಮ್ಮೆ ಒಳಗೆ ಬಂದು ಕುರ್ಚಿಯಲ್ಲಿ ಕುಳಿತದ್ದಕ್ಕೆ ಇಷ್ಟು ಗಾಬರಿಯೇ? ಹಾಗಾದರೆ ಇಷ್ಟು ವರ್ಷ ನಮ್ಮ ಮಕ್ಕಳನ್ನು ಸಜ್ಜುಗೊಳಿಸಿದ್ದು ಯಾರನ್ನು ಎದುರಿಸಲು?

ಈ ಪತ್ರ ಅಚ್ಚಾಗುವ ವಾರಪತ್ರಿಕೆಯನ್ನು ಅಯೋವಾದ ಬೇರೆ ಊರಿನವರೂ ಓದುತ್ತಾರಾದ್ದರಿಂದ ನಮ್ಮ ಪದ್ಧತಿಯನ್ನು ಒಂದಿಷ್ಟು ಹೇಳಬೇಕು. ಕೊನೆಯ ವರ್ಷದ ಮಕ್ಕಳು ತಾವು ನೋಡಿರದ ಸಿನಿಮಾಗಳನ್ನು, ಕೇಳಿರದ ಹಾಡುಗಳನ್ನು ಖಂಡಿಸಿ ಪ್ರಬಂಧ ಬರೆಯುತ್ತಾರೆ. ವಸಂತ ಬಂದಾಗ ಶಾಲೆಯ ಆಟದ ಹಾಲ್‌ನಲ್ಲಿ ತಂದೆತಾಯಿಯರ ಎದುರು ಒಬ್ಬ ನಾಸ್ತಿಕನೊಂದಿಗೆ ವಾದ ಮಾಡುತ್ತಾರೆ. ನಾಸ್ತಿಕನ ವೇಷ ಹಾಕುವವರು ಬೇರೆ ಯಾರೂ ಅಲ್ಲ, ನಮ್ಮ ಚರ್ಚಿನ ಹಿರಿಯರಾದ ಹಲ್ಲಿನ ಡಾಕ್ಟರ್ ಆಲ್ವಿನ್ ರೂರ್ಡಾ. ಕತ್ತು ಮುಚ್ಚುವ ಕಪ್ಪು ಸ್ವೆಟರ್ ಹಾಕಿಕೊಂಡು, ಪಟ್ಟಣದ ಅಂಗಡಿಯ ದುಬಾರಿ ಕಾಫಿ ಹಿಡಿದು ಬರುತ್ತಾರೆ. ದೇವರಿದ್ದಾನೆಂದು ತೋರಿಸಿ ಎನ್ನುತ್ತಾರೆ. ಮಕ್ಕಳು ಬಾಯಿಪಾಠ ಮಾಡಿದ್ದನ್ನು ಒಪ್ಪಿಸುತ್ತಾರೆ. ಡಾಕ್ಟರು ತಲೆ ಕೆರೆದುಕೊಂಡು, ಸೋತು, ಮೊಣಕಾಲೂರಿ ಕಣ್ಣೊರೆಸಿಕೊಳ್ಳುತ್ತಾರೆ. ಪ್ರತಿ ವರ್ಷ ಉದ್ಧಾರವಾಗುವ ಮನುಷ್ಯ ಅವರೊಬ್ಬರೇ ಇರಬೇಕು. ಆಮೇಲೆ ಎಲ್ಲರೂ ಹಂದಿಮಾಂಸದ ಬನ್ನು ತಿಂದು ಮನೆಗೆ ಹೋಗುತ್ತೇವೆ.

ಈ ಸಲ ಬೋಕೆಮಾ ಮೇಡಂ ಡಾಕ್ಟರರಿಗೆ ಬಿಡುವು ಕೊಟ್ಟು, ನಿಜಕ್ಕೂ ದೇವರನ್ನು ನಂಬದ ಡೆನೀಸ್ ಕೊಪೆಕಿಯವರನ್ನು ಕರೆದರು. ಸಾವಿನಂಚಿನಲ್ಲಿರುವ ರೋಗಿಗಳನ್ನು ಮನೆಮನೆಗೆ ಹೋಗಿ ನೋಡಿಕೊಳ್ಳುವ ನರ್ಸ್ ಅವರು. ನಿಮಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ನಿಮ್ಮ ತಾಯಿಯವರ ಕೊನೆಯ ವಾರ ಹಾಸಿಗೆಯ ಪಕ್ಕ ಕುಳಿತಿದ್ದವರು ಅವರೇ.

ಎದುರಿಗೆ ನಿಂತವಳು ನನ್ನ ಮಗಳು ಅನ್ನೆಕ. ಸೃಷ್ಟಿಯ ಬಗ್ಗೆ, ಕೇಡಿನ ಬಗ್ಗೆ ಏನು ಕೇಳಿದ್ದರೂ ಪಟಪಟನೆ ಹೇಳುತ್ತಿದ್ದಳು. ಡೆನೀಸ್ ಅದೊಂದನ್ನೂ ಕೇಳಲಿಲ್ಲ.

"ನಾನು ಈ ಊರಿಗೆ ಬಂದು ಎಷ್ಟೋ ವರ್ಷ ಆಯ್ತು ಕಣಮ್ಮ. ನಿಮ್ಮ ಅಜ್ಜ ಅಜ್ಜೀರಿಗೆಲ್ಲ ಮೈ ತೊಳೆದಿದ್ದೀನಿ. ಭಾನುವಾರ ಚರ್ಚ್ ಮುಗಿಸಿ ಒಬ್ಬರ ಮನೆಗೊಬ್ಬರು ಊಟಕ್ಕೆ ಹೋಗ್ತೀರಲ್ಲ, ನನ್ನನ್ನ ಯಾಕೆ ಒಬ್ಬರೂ ಕರೀಲಿಲ್ಲ?"

ಅನ್ನೆಕ, "ಇದಕ್ಕೆ ನಮಗೆ ಉತ್ತರ ಹೇಳಿಕೊಟ್ಟಿಲ್ಲ," ಎಂದಳು. ಆಮೇಲೆ, "ಈ ಭಾನುವಾರ ನಮ್ಮನೆಗೆ ಬರ್ತೀರಾ?" ಎಂದು ಕೇಳಿದಳು.

ನೀವು ತಟ್ಟನೆ ಎದ್ದು ಉದ್ದನೆಯ ಪ್ರಾರ್ಥನೆ ಶುರುಮಾಡಿದಿರಿ. ದೇವರಿಗೆ ಹೇಳುವುದಕ್ಕಿಂತ ಡೆನೀಸ್ ಬಾಯಿ ಮುಚ್ಚಿಸುವುದಕ್ಕೇ ಮಾಡಿದಂತಿತ್ತು. ಅವರು ಭಾನುವಾರ ಬಂದರು. ದೇವರ ವಿಷಯದಲ್ಲಿ ಅವರೂ ಬಗ್ಗಲಿಲ್ಲ, ನನ್ನ ಹೆಂಡತಿಯೂ ಬಿಡಲಿಲ್ಲ, ಹುರಿದ ಮಾಂಸ ಮಾತ್ರ ಪೂರ್ತಿ ಖಾಲಿಯಾಯಿತು. ಅಂಥ ಒಳ್ಳೆಯ ಭಾನುವಾರ ನಮ್ಮ ಮನೆಯಲ್ಲಿ ಬಹಳ ದಿನದಿಂದ ಆಗಿರಲಿಲ್ಲ.

ಮರುದಿನವೇ ನಿಮ್ಮ ಆಜ್ಞೆ ಬಂತು. ಮೇಡಂ ಕೆಲಸದಿಂದ ಹೊರಗೆ. ಅನ್ನೆಕ ಶಾಲೆ ಮುಗಿಸಿದ ಪ್ರಮಾಣಪತ್ರ ಪಡೆಯಬೇಕಾದರೆ ಡಾಕ್ಟರ್ ರೂರ್ಡಾರೊಂದಿಗೆ ಇನ್ನೊಮ್ಮೆ ವಾದ ಮಾಡಿ ಗೆಲ್ಲಬೇಕು. ಹೋಗಲಿ, ಹತ್ತು ನಿಮಿಷದ ಕೆಲಸ, ಮುಗಿಸಿಬಿಡು ಎಂದು ನಾನೂ ಅವಳಿಗೆ ಹೇಳಿದೆ.

"ಆಗಲ್ಲ ಅಪ್ಪ. ಡಾಕ್ಟರು ಸೋಲೋಕೆ ಒಪ್ಪಿಕೊಂಡೇ ಬರ್ತಾರೆ. ಅವರ ಮುಂದೆ ಯೇಸು ಹೆಸರು ಎತ್ತೋಕೆ ನನಗೆ ನಾಚಿಕೆ ಆಗುತ್ತೆ."

ಮಾನ್ಯರೇ, ನಾನು ನಿಮ್ಮಷ್ಟೇ ನಂಬುವವನು. ಬೆಳಗಿನ ಆರಾಧನೆಗೂ ಹೋಗುತ್ತೇನೆ, ಸಂಜೆಯದಕ್ಕೂ ಹೋಗುತ್ತೇನೆ. ಈ ಶರತ್ಕಾಲದಲ್ಲಿ ನನ್ನ ಮಗಳು ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೋಗುತ್ತಾಳೆ. ಅಲ್ಲಿ ಕಪ್ಪು ಸ್ವೆಟರಿನವರು ಬೇಕಾದಷ್ಟು ಸಿಗುತ್ತಾರೆ, ಯಾರೂ ಮೊಣಕಾಲೂರುವುದಿಲ್ಲ. ಅವಳು ನಂಬಿಕೆ ಕಳೆದುಕೊಂಡಾಳು ಎಂಬ ಹೆದರಿಕೆ ನನಗಿದೆ, ಬಚ್ಚಿಡುವುದಿಲ್ಲ. ಆದರೆ ಈಗ ನನಗೆ ಹೆದರಿಕೆ ಆ ವಿಶ್ವವಿದ್ಯಾಲಯದಿಂದಲ್ಲ, ನಿಮ್ಮಿಂದ. ಯಾಕೆಂದರೆ ಮೊನ್ನೆ ಊಟದ ಮೇಜಿನಲ್ಲಿ ಅವಳು ತಲೆ ತಗ್ಗಿಸಿಕೊಂಡೇ ಕೇಳಿದಳು:

"ಅಪ್ಪ, ನಾಳೆ ನನಗೇ ಅನುಮಾನ ಬಂದ್ರೆ ಯಾರ ಹತ್ರ ಹೇಳ್ಲಿ? ಬೋಕೆಮಾ ಮೇಡಂ ಇದ್ದಿದ್ರೆ ಅವರ ಹತ್ರ ಹೇಳ್ತಿದ್ದೆ."

ನನ್ನ ಹತ್ತಿರ ಹೇಳು ಎನ್ನಲು ಬಾಯಿ ತೆರೆದೆ. ಅವಳ ಮನಸ್ಸಿಗೆ ಮೊದಲು ಬಂದದ್ದು ನಾನಲ್ಲ ಎಂದು ಅಷ್ಟರಲ್ಲಿ ಹೊಳೆಯಿತು.

ಆದ್ದರಿಂದ ನನ್ನ ಒತ್ತಾಯ ಒಂದೇ. ಬೋಕೆಮಾ ಮೇಡಂರನ್ನು ಕೆಲಸಕ್ಕೆ ವಾಪಸು ಕರೆಯಿರಿ. ಆಗುವುದಿಲ್ಲವೆಂದಾದರೆ ಒಂದು ಸಂಜೆ ನಮ್ಮ ಮನೆಗೆ ಬಂದು ನನ್ನ ಮಗಳ ಎದುರು ಕುಳಿತು, ಅವಳು ಇನ್ನು ಯಾರ ಹತ್ತಿರ ಹೇಳಬೇಕೆಂದು ನೀವೇ ಹೇಳಿ. ಪ್ರಾರ್ಥನೆ ಮಾಡುವುದಿದ್ದರೆ ಉತ್ತರ ಹೇಳಿದ ಮೇಲೆ ಮಾಡೋಣ.

ಇಂತಿ,
ತನ್ನ ಮಗಳು ತನ್ನನ್ನು ಎರಡನೆಯವನಾಗಿಯಾದರೂ ನೆನೆಯಲಿ ಎಂದು ಆಸೆಪಡುವ ತಂದೆ,
ಹಾರ್ಲನ್ ಟ್ಯಾಡನ್